ನಾಲ್ಕು ಸುಳ್ಳು ಸ್ನಾನ

ಮುಟ್ಟು ಬಾರದಿದ್ದರೂ ನಾನು ನಾಲ್ಕು ತಿಂಗಳು ತಪ್ಪದೆ ತಲೆಗೆ ನೀರು ಹಾಕಿಕೊಂಡೆ. ಹೀಗೆಂದರೆ ಈಗಿನ ಹುಡುಗಿಯರಿಗೆ ತಲೆಬುಡ ಅರ್ಥವಾಗಲಿಕ್ಕಿಲ್ಲ, ಬಿಡಿಸಿಯೇ ಹೇಳುತ್ತೇನೆ.

ಬಸವಾಪಟ್ಟಣದ ನಮ್ಮ ಮನೆ ಲಿಂಗ ಕಟ್ಟಿದವರ ಮನೆ. ಲಿಂಗ ಕಟ್ಟಿದ ಮೈಗೆ ಮೈಲಿಗೆ ಇಲ್ಲ ಎಂದು ಹಿರಿಯರ ಮಾತು. ಹಾಗಾಗಿ ಮುಟ್ಟಾದ ಹೆಂಗಸನ್ನು ಮೂರು ದಿನ ಹೊರಗೆ ಕೂರಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಲಿಂಗಪೂಜೆ ಮುಗಿಸಿ ಒಲೆ ಮುಂದೆ ಕೂತರಾಯಿತು, ಎಂದಿನ ಕೆಲಸವೇ. ಪಕ್ಕದ ಮನೆಯಲ್ಲಿ ಹೊರಗೆ ಕೂರುವ ಪದ್ಧತಿ ಇತ್ತು. ಅಲ್ಲಿ ಯಾರು ಯಾವತ್ತು ಹೊರಗಾದರು ಎಂಬುದು ಇಡೀ ಬೀದಿಗೆ ಗೊತ್ತಿರುತ್ತಿತ್ತು. ನಮ್ಮಲ್ಲಿ ಗೊತ್ತಾಗುತ್ತಿದ್ದದ್ದು ಒದ್ದೆ ಕೂದಲಿನಿಂದ. ಸೋಮವಾರ ಎಲ್ಲರೂ ತಲೆಸ್ನಾನ ಮಾಡುವವರೇ. ಬುಧವಾರವೋ ಗುರುವಾರವೋ ಹೆಂಗಸೊಬ್ಬಳು ತಲೆಗೆ ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಹೊರಬಂದಳೆಂದರೆ ಮನೆಮಂದಿಗೆಲ್ಲ ತಿಳಿಯುತ್ತಿತ್ತು. ಗಂಡಸರೂ ನೋಡಿ ಸುಮ್ಮನಾಗುತ್ತಿದ್ದರು. ಬಾಯಿ ಬಿಟ್ಟು ಯಾರೂ ಏನೂ ಹೇಳುತ್ತಿರಲಿಲ್ಲ.

ಮೊನ್ನೆ ಸವಳಂಗದಲ್ಲಿ ಒಂದು ಮದುವೆ. ನನ್ನ ತಂಗಿಯ ಮಗಳು, ನಲವತ್ತು ದಾಟಿದವಳು, ನನ್ನನ್ನು ಛತ್ರದ ಮೂಲೆಗೆ ಎಳೆದುಕೊಂಡು ಹೋಗಿ, ಕಿವಿಯ ಹತ್ತಿರ ಬಾಯಿಟ್ಟು, "ದೊಡ್ಡಮ್ಮ, ನಿಮಗೆ ಯಾವಾಗ ನಿಂತಿದ್ದು?" ಎಂದಳು. ಎರಡು ಡಿಗ್ರಿ ಮಾಡಿಕೊಂಡವಳು. ಡಾಕ್ಟರನ್ನು ಕೇಳಿಲ್ಲ, ಗಂಡನಿಗೆ ಹೇಳಿಲ್ಲ. ಮೂರು ತಿಂಗಳಿಂದ ಒಬ್ಬಳೇ ಒಳಗೊಳಗೇ ಬೇಯುತ್ತಿದ್ದಳು. ನನಗೆ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಅಷ್ಟು ವರ್ಷದ ಹಿಂದೆ ನಾನು ಪಟ್ಟ ಪಾಡನ್ನು ಯಾರಿಗೂ ಹೇಳದೆ ಇಟ್ಟುಕೊಂಡದ್ದರಿಂದ ಯಾರಿಗೆ ಏನು ಲಾಭವಾಯಿತು? ಅದಕ್ಕೇ ಬರೆಯುತ್ತಿದ್ದೇನೆ.

ನಾನು ಜಗಳೂರು ಕಡೆಯವಳು. ಮದುವೆಯಾಗಿ ಬಸವಾಪಟ್ಟಣಕ್ಕೆ ಬಂದೆ. ನನ್ನ ಗಂಡ ಪ್ರೈಮರಿ ಶಾಲೆಯ ಮೇಷ್ಟ್ರು. ಊರಿಗೆಲ್ಲ ಮೇಷ್ಟ್ರಾದ್ದರಿಂದ ನಾನೂ ಹಿಂದಿನಿಂದ ಮೇಷ್ಟ್ರು ಎಂದೇ ಹೇಳುವುದು, ಎದುರಿಗೆ ಮಾತ್ರ 'ರೀ'. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಮೂರನೆಯದು ಹೊಟ್ಟೆಯಲ್ಲೇ ತೀರಿಹೋಯಿತು. ಗಂಡು. ರಕ್ತ ಹೋಗಿ ಹೋಗಿ ನಾನೂ ಉಳಿಯುವ ಹಾಗಿರಲಿಲ್ಲ. ಉಳಿದೆ. ಮೂರನೇ ದಿನಕ್ಕೆ ಎದೆಯಲ್ಲಿ ಹಾಲು ತುಂಬಿ ಕಲ್ಲಿನಂತಾಯಿತು, ಕುಡಿಯಲು ಕೂಸಿರಲಿಲ್ಲ. ಅತ್ತೆ ಎಲ್ಲಿಂದಲೋ ಮಲ್ಲಿಗೆ ಹೂವು ತರಿಸಿ, ರವಿಕೆಯೊಳಗೆ ತುಂಬಿ, ಬಟ್ಟೆಯಿಂದ ಬಿಗಿಯಾಗಿ ಕಟ್ಟಿದರು. ಹಾಲು ಇಂಗಲು ನಮ್ಮ ಕಡೆ ಹಾಗೆ ಮಾಡುತ್ತಾರೆ. ಕಟ್ಟುವಾಗ ಅವರು ಒಂದೂ ಮಾತಾಡಲಿಲ್ಲ. ಇಪ್ಪತ್ತನಾಲ್ಕು ಗಂಟೆ ಬಾಯಿ ನಡೆಸುವ ನಮ್ಮತ್ತೆ ಹಾಲಮ್ಮ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಆ ವಾರ ಮಾತ್ರ.

ಅದಾದ ಒಂದೆರಡು ವರ್ಷಕ್ಕೆ, ಎಪ್ಪತ್ತಾರರಲ್ಲಿ, ಮೇಷ್ಟ್ರುಗಳಿಗೆಲ್ಲ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಜನ ಕರೆತರಬೇಕೆಂದು ಮೇಲಿನಿಂದ ಒತ್ತಾಯ ಬಂತು. ತಾರದಿದ್ದರೆ ಎತ್ತಲೋ ವರ್ಗ ಮಾಡುತ್ತಾರೆಂದು ಸುದ್ದಿ. ನಮ್ಮ ಮೇಷ್ಟ್ರಿಗೆ ಯಾರ ಮನೆ ಬಾಗಿಲಿಗೂ ಹೋಗಿ ಅದನ್ನು ಕೇಳಲು ಬಾಯಿ ಬರಲಿಲ್ಲ. ಟ್ರೈನಿಂಗು ಎಂದು ಮನೆಯಲ್ಲಿ ಹೇಳಿ, ಶಿವಮೊಗ್ಗಕ್ಕೆ ಹೋಗಿ, ತಾವೇ ಮಾಡಿಸಿಕೊಂಡು ಬಂದರು. ಬಂದ ಮೇಲೆ ನನಗೊಬ್ಬಳಿಗೆ ಹೇಳಿದರು: "ಇನ್ನೊಂದು ಸಲ ನಿನ್ನ ಆ ಸ್ಥಿತೀಲಿ ನೋಡಾಕೆ ನನ್ನ ಕೈಲಿ ಆಗಲ್ಲ ಗೌರಿ." ನಾನು ಆ ಮಾತಿಗೆ ಎಷ್ಟು ಕರಗಿದ್ದೆನೆಂದರೆ, ಅವ್ವನಿಗೆ ಮಾತ್ರ ಹೇಳಬೇಡ ಎಂದಾಗ ಎದೆಯ ಮೇಲಿನ ಲಿಂಗ ಮುಟ್ಟಿ ಆಣೆ ಮಾಡಿದೆ. ಗಂಡಸು ಆ ಆಪರೇಷನ್ ಮಾಡಿಸಿಕೊಂಡರೆ ನೊಗ ಎತ್ತಲಾರ, ಸೈಕಲ್ ತುಳಿಯಲಾರ ಎಂದೆಲ್ಲ ಜನ ಆಡಿಕೊಳ್ಳುತ್ತಿದ್ದ ಕಾಲ. ಅದಕ್ಕಿಂತ ಹೆಚ್ಚಾಗಿ, ಅತ್ತೆ ಇನ್ನೂ ಮೊಮ್ಮಗನಿಗಾಗಿ ಕಾಯುತ್ತಿದ್ದರು.

ಆರು ವರ್ಷ ಕಳೆಯಿತು. ಒಂದು ತಿಂಗಳು ನನಗೆ ಮುಟ್ಟು ಬರಲಿಲ್ಲ. ಬಿಸಿಲಿಗೆ ಏರುಪೇರಾಗಿರಬೇಕು ಅಂದುಕೊಂಡೆ. ಎರಡನೆಯ ತಿಂಗಳೂ ಇಲ್ಲ. ಆಗ ಹೆದರಿಕೆ ಹತ್ತಿತು. ಬಸಿರಲ್ಲ ಎಂದು ನನಗೆ ಗೊತ್ತು. ಆದರೆ ನನ್ನ ಕೂದಲು ಒದ್ದೆಯಾಗದಿದ್ದರೆ ಅತ್ತೆ ಬಸಿರೆಂದೇ ತಿಳಿದು ಕುಣಿಯುತ್ತಾರೆ. ಮೇಷ್ಟ್ರು ಏನು ತಿಳಿಯುತ್ತಾರೋ ಅದನ್ನು ನೆನೆಸಿಕೊಳ್ಳಲೂ ಮನಸ್ಸಾಗಲಿಲ್ಲ. ಮುಟ್ಟು ನಿಲ್ಲುವ ವಯಸ್ಸೇ ಎಂದರೆ, ನನ್ನ ವಯಸ್ಸು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಮೂವತ್ತೆಂಟೂ ಇರಬಹುದು, ನಲವತ್ತೆರಡೂ ಇರಬಹುದು. ನಿಲ್ಲುವುದೆಂದರೆ ಅಜ್ಜಿಯರಿಗೆ ಎಂದು ನನ್ನ ತಿಳುವಳಿಕೆ. ಕೇಳೋಣವೆಂದರೆ ನನ್ನ ಹಡೆದವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು.

ಒಂದು ಗುರುವಾರ ಬೆಳಿಗ್ಗೆ ಸುಮ್ಮನೆ ತಲೆಗೆ ನೀರು ಹಾಕಿಕೊಂಡು ಬಂದೆ. ಅತ್ತೆ ನೋಡಿದರು. ಮೇಷ್ಟ್ರು ನೋಡಿದರು. ಇಬ್ಬರೂ ಸುಮ್ಮನಾದರು. ಇಷ್ಟು ಸುಲಭವೇ ಅನ್ನಿಸಿತು! ಮುಂದಿನ ತಿಂಗಳೂ ಅದೇ ಮಾಡಿದೆ, ಅದರ ಮುಂದಿನ ತಿಂಗಳೂ. ಅಷ್ಟರಲ್ಲಿ ಸರಿಹೋಗುತ್ತದೆ ಎಂದು ನನ್ನ ಭರವಸೆ.

ಸರಿಹೋಗಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಬಿಸಿ ನುಗ್ಗಿತು. ಉರಿ ಜಾಸ್ತಿಯಾಯಿತೆಂದು ಸೌದೆ ಹಿಂದಕ್ಕೆಳೆದೆ. ಬೆವರು ಇಳಿದು ಹಿಟ್ಟಿನ ಮೇಲೆ ಬಿತ್ತು. ಆಮೇಲೆ ಬಾವಿಕಟ್ಟೆಯಲ್ಲಿ, ತಣ್ಣನೆ ಗಾಳಿಯಲ್ಲಿ ನಿಂತಾಗಲೂ ಹಾಗೆಯೇ ಆಯಿತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ದೊಡ್ಡ ಮಗಳು ಸುಮಿತ್ರಾ ತಲೆಗೆ ಎಣ್ಣೆ ಹಚ್ಚು ಎಂದು ಕೇಳಿದ್ದಕ್ಕೆ ಸೌಟು ಎಸೆದೆ. ಎಸೆದು, ಅತ್ತೆಯ ಮುಂದೆಯೇ ಕೂತು ಗಳಗಳ ಕಣ್ಣೀರು ಹಾಕಿದೆ. ಹೊಟ್ಟೆ ಬೇರೆ ಉಬ್ಬರಿಸಿ, ಸೀರೆಯ ನೆರಿಗೆ ನಿಲ್ಲದಂತಾಯಿತು. ಯಾವ ದೇವರಿಗೆ ಏನು ತಪ್ಪು ಮಾಡಿದೆ ಎಂದು ಹುಡುಕತೊಡಗಿದೆ. ನಿಜ ಹೇಳಬೇಕೆಂದರೆ ನನಗೆ ಹುಚ್ಚು ಹಿಡಿಯುತ್ತಿದೆ ಎಂದೇ ಭಾವಿಸಿದ್ದೆ.

ನಾಲ್ಕನೇ ಸುಳ್ಳು ಸ್ನಾನದ ಮಾರನೆಯ ದಿನ, ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸಿ ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡೆ. ಬಾಯಿ ಮುಕ್ಕಳಿಸಿ ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ.

"ನೀರು ಹಾಕ್ಕಂಡಿದ್ದು ಕಂಡೀನಿ, ಬಟ್ಟಿ ಒಣಗಿದ್ದು ಕಂಡಿಲ್ಲ" ಎಂದರು. "ನಾಕು ತಿಂಗಳಿಂದ ನೋಡ್ತಾ ಇದೀನಿ."

ಆಗೆಲ್ಲ ಹಳೆ ಸೀರೆಯ ತುಂಡುಗಳನ್ನೇ ಬಳಸುತ್ತಿದ್ದದ್ದು. ಒಗೆದು, ಹಿತ್ತಿಲ ಹಗ್ಗಕ್ಕೆ ಹಾಕಿ, ಮೇಲೊಂದು ಸೀರೆ ಮುಚ್ಚಿ ಒಣಗಿಸುತ್ತಿದ್ದೆವು. ಸ್ನಾನದ ನಾಟಕ ಆಡಿದ ಜಾಣೆಗೆ ಬಟ್ಟೆಯ ನೆನಪಾಗಿರಲಿಲ್ಲ.

"ಅತ್ತೇರೆ, ಅದು ಹಂಗಲ್ಲ..."

"ಹೆಂಗಲ್ಲ? ದೊಡ್ಡ ಮಗಳು ಕಾಲೇಜಿಗೆ ಹೋಗ್ತಾಳೆ, ಈ ವಯಸ್ಸಿನಾಗೆ ಬಸುರಿ ಅಂದ್ರೆ ಜನ ನಗ್ತಾರೆ ಅಂತ ಮುಚ್ಚಿಟ್ಟೀಯ. ನಗೋರು ನಗ್ಲಿ ಬಿಡು. ನಿನ್ನ ಬಾಣಂತನ ಮಾಡಾಕೆ ನಾನು ಗಟ್ಟಿ ಇದೀನಿ." ಸೆರಗಿನ ತುದಿಯಿಂದ ನನ್ನ ಬಾಯಿ ಒರೆಸಿದರು. ಅವರ ಕಣ್ಣಲ್ಲಿ ನೀರಿತ್ತು.

ನಾನು ಆಣೆಗೆ ಕಟ್ಟುಬಿದ್ದು ನಿಂತೆ. ಬಸಿರಲ್ಲ ಎಂದರೆ ಹೇಗೆ ಗೊತ್ತು ಎನ್ನುತ್ತಾರೆ. ಹೇಗೆ ಗೊತ್ತೆಂದು ಹೇಳುವ ಹಾಗಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅತ್ತೆ ಮಗನಿಗೆ ಸುದ್ದಿ ಹೇಳಿದರು. ಮೇಷ್ಟ್ರ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಕಡೆ ನೋಡಲಿಲ್ಲ. "ಹೌದಾ?" ಎಂದರು. ಆಮೇಲೆ ಮಜ್ಜಿಗೆ ಕೇಳಿದರು. ಸಂಜೆ ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾಗ ನಾನೇ ಹೋಗಿ ಪಕ್ಕದಲ್ಲಿ ನಿಂತೆ.

"ನಾಕೈದು ತಿಂಗಳಿಂದ ನಿಂತೈತಾ?" ಪಂಪು ಒತ್ತುತ್ತಲೇ ಕೇಳಿದರು.

"ಹೂಂ."

"ಮತ್ತೆ ತಲಿಗೆ ನೀರು ಹಾಕ್ಕಂತಿದ್ದೆ?"

"ಸುಮ್ನೆ ಹಾಕ್ಕಂತಿದ್ದೆ."

"ಸುಮ್ನೆ ಯಾರಾದ್ರೂ ಹಾಕ್ಕಂತಾರಾ?"

ನೀವು ತಪ್ಪು ತಿಳಿಯುತ್ತೀರೆಂದು ಮುಚ್ಚಿಟ್ಟೆ ಎಂದೆ. ತಪ್ಪು ತಿಳಿಯುವಂಥದ್ದು ಏನಿತ್ತು ಎಂದು ಕೇಳಿದರು. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗಿ ಕೂತಿತು. ಗಾಳಿ ಜಾಸ್ತಿಯಾಗಿ ಟ್ಯೂಬು ಒಡೆಯಿತು. ಇಬ್ಬರೂ ಬೆಚ್ಚಿಬಿದ್ದೆವು. ಅಲ್ಲಿಗೆ ಮಾತು ನಿಂತಿತು.

ಚನ್ನಗಿರಿಯಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದರು. ಅತ್ತೆ ತಾವೇ ಕರೆದುಕೊಂಡು ಹೋಗುತ್ತೇನೆಂದು ಹೊರಟರು. ಕಾಯುವ ಕೋಣೆಯಲ್ಲಿ ಎರಡು ಬೆಂಚು, ಇಪ್ಪತ್ತು ಹೆಂಗಸರು. ನಾನು ನೆಲಕ್ಕೆ ಕೂತೆ. ಪಕ್ಕದಲ್ಲಿ ಹೊನ್ನಾಳಿ ಕಡೆಯ ಬಾಣಂತಿಯೊಬ್ಬಳು, ಹದಿನೆಂಟು ತುಂಬಿತ್ತೋ ಇಲ್ಲವೋ. ಮೊಲೆತೊಟ್ಟು ಒಡೆದು ಗಾಯವಾಗಿ, ಕೂಸು ಬಾಯಿ ಹಾಕಿದರೆ ಚೀರುತ್ತಿದ್ದಳು. ಅವಳಮ್ಮ ಬೈಯುತ್ತಿದ್ದಳು. ನಮ್ಮತ್ತೆ ಇಡೀ ಕೋಣೆಗೆ ಕೇಳುವಂತೆ, "ನನ್ ಸೊಸಿಗೆ ಹನ್ನೆರಡು ವರ್ಷದ ಮ್ಯಾಲೆ ನಿಂತೈತೆ ನೋಡ್ರಿ" ಎಂದು ಸಾರುತ್ತಿದ್ದರು. ನಡುವೆ ಸತ್ತ ಕೂಸನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ಆ ಬಾಣಂತಿ ಮಾತ್ರ, "ಸ್ವಲ್ಪ ಹಿಡ್ಕಳ್ರಿ ಅಕ್ಕ" ಎಂದು ಕೂಸನ್ನು ನನ್ನ ಮಡಿಲಿಗೆ ಹಾಕಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಅರ್ಧ ಗಂಟೆ ಆ ಕೂಸು ನನ್ನ ಬೆರಳು ಹಿಡಿದುಕೊಂಡು ಮಲಗಿತ್ತು. ಆ ಅರ್ಧ ಗಂಟೆ ನನ್ನ ತಲೆ ಸುಮ್ಮನಿತ್ತು.

ಡಾಕ್ಟರು ಸೀರೆಯ ಮೇಲಿನಿಂದಲೇ ಹೊಟ್ಟೆ ಒತ್ತಿ ನೋಡಿದರು. "ಆಪರೇಷನ್ ಏನಾದರೂ ಆಗಿದೆಯಾ?" ಎಂದು ಕೇಳಿದರು.

"ಇಲ್ಲ ತಾಯಿ, ನಾನು ಮಾಡಿಸಾಕೆ ಬಿಡ್ತೀನಾ?" ಎಂದರು ಅತ್ತೆ.

ನಾನು ಮೀನಿನಂತೆ ಬಾಯಿ ತೆರೆದು ಮುಚ್ಚಿದೆ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ಮೂತ್ರವನ್ನು ಪರೀಕ್ಷೆಗೆ ದಾವಣಗೆರೆಯ ಲ್ಯಾಬಿಗೆ ಕಳಿಸಬೇಕು ಎಂದು ಚೀಟಿ ಬರೆದರು.

ಮೂತ್ರ ಹಿಡಿಯಲು ತಲೆಯೆಣ್ಣೆಯ ಹಳೆ ಬಾಟಲಿಯನ್ನು ಸೀಗೆಪುಡಿ ಹಾಕಿ ಮೂರು ಸಲ ತೊಳೆದೆ. ಮೇಷ್ಟ್ರು ಅದನ್ನು ಪೇಪರಿನಲ್ಲಿ ಸುತ್ತಿ, ಬುತ್ತಿಯ ಚೀಲದಲ್ಲಿಟ್ಟುಕೊಂಡು ದಾವಣಗೆರೆ ಬಸ್ಸು ಹತ್ತಿದರು. ಅವರ ಮುಖ ಪರೀಕ್ಷೆ ಬರೆಯಲು ಹೊರಟ ಹುಡುಗನ ಹಾಗಿತ್ತು. ಎರಡು ದಿನ ಬಿಟ್ಟು ಮತ್ತೆ ಹೋಗಿ ಕಾಗದ ತಂದರು. ಹಿತ್ತಿಲಲ್ಲಿ ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿ ಟೈಪು ಮಾಡಿತ್ತು.

"ಏನಂತ ಬರೆದೈತೆ?"

"ಪಾಸಿಟಿವ್ ಅಂತ."

"ಹಂಗಂದ್ರೆ?"

"ಐತೆ ಅಂತ" ಎಂದರು, ಸೊಪ್ಪಿನ ಮಡಿಯ ಕಡೆ ನೋಡುತ್ತಾ.

ಆಮೇಲಿನ ಹನ್ನೊಂದು ದಿನ ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದರು. ಮೇಷ್ಟ್ರು ಬೈಯಲಿಲ್ಲ, ಹೊಡೆಯಲಿಲ್ಲ, ಒಂದು ಕೆಟ್ಟ ಮಾತಾಡಲಿಲ್ಲ. ಬೈದಿದ್ದರೆ ನಾನೂ ಎದುರು ಬೀಳುತ್ತಿದ್ದೆ. ಶಾಲೆಯಲ್ಲಿ ಕೆಲಸ ಇದೆ ಎಂದು ಹೊತ್ತು ಮುಳುಗುವ ತನಕ ಅಲ್ಲೇ ಕೂರತೊಡಗಿದರು. ನನಗೋ ಇಲ್ಲಸಲ್ಲದ ಯೋಚನೆ. ಆರು ತಿಂಗಳಲ್ಲಿ ಯಾವ ಗಂಡಸಿನ ಜೊತೆ ಮಾತಾಡಿದ್ದೆ ಎಂದು ನಾನೇ ಎಣಿಸಿದೆ. ಪೋಸ್ಟ್ ಮ್ಯಾನ್, ಬಳೆಗಾರ, ಹಿಟ್ಟಿನ ಗಿರಣಿಯವನು. ಗಿರಣಿಯವನ ಎದುರು ನಿಂತಾಗ ಒಮ್ಮೆ ತಲೆ ಸುತ್ತಿ ಕೂತಿದ್ದೆ. ಆಗ ಏನಾದರೂ ಆಗಿರಬಹುದೇ ಎಂದು ನಿಜವಾಗಿಯೂ ಯೋಚಿಸಿದೆ! ಇಬ್ಬರು ಮಕ್ಕಳನ್ನು ಸಾಕಿ, ಒಂದನ್ನು ಕಳೆದುಕೊಂಡ ಹೆಂಗಸು. ಮಕ್ಕಳು ಹೇಗಾಗುತ್ತವೆಂದು ತಿಳಿಯದವಳಲ್ಲ. ಆದರೂ ಟೈಪು ಮಾಡಿದ ಕಾಗದ ಹೇಳುತ್ತಿದೆಯಲ್ಲ, ಕಾಗದ ಯಾಕೆ ಸುಳ್ಳು ಹೇಳುತ್ತದೆ?

ಇನ್ನೊಂದು ಗುಮಾನಿಯೂ ಬಂತು. ಒಂದು ಬೆಳಿಗ್ಗೆ ಅವರು ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಕೇಳಿಯೇಬಿಟ್ಟೆ. "ನೀವು ಅವತ್ತು ನಿಜವಾಗ್ಲೂ ಮಾಡಿಸ್ಕಂಡ್ರಾ? ಇಲ್ಲಾ ಬರೀ ಸರ್ಟಿಫಿಕೇಟ್ ತಂದ್ರಾ?"

ಅವರ ಮುಖ ಕೆಂಪಾಯಿತು. "ಎಂಟು ದಿನ ಕಾಲು ಅಗಲಿಸಿ ನಡೆದಿದ್ದು ನೀನೇ ನೋಡಿಲ್ಲೇನೇ?" ಎಂದರು. ನೋಡಿದ್ದೆ. ಬಿಸಿನೀರು ಕಾಯಿಸಿ ಕೊಟ್ಟವಳೇ ನಾನು. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ನನಗೂ ಸಿಟ್ಟು ನೆತ್ತಿಗೇರಿತು. ಅವರ ಮಾತನ್ನು ನಾನು ನಂಬಬೇಕು, ನನ್ನ ಮಾತನ್ನು ಅವರು ನಂಬಬಾರದು, ಇದ್ಯಾವ ನ್ಯಾಯ?

ಕುಬುಸಕ್ಕೆ ಹಸಿರು ಖಣ ತರುತ್ತೇನೆ ಎಂದು ಅತ್ತೆಗೆ ಹೇಳಿ, ಒಂದು ಶನಿವಾರ ಒಬ್ಬಳೇ ಚನ್ನಗಿರಿ ಬಸ್ಸು ಹತ್ತಿದೆ. ಬಸುರಿಗೆ ಸೀರೆ, ಕುಬುಸ, ಹಸಿರು ಬಳೆ ಕೊಟ್ಟು ಆರತಿ ಎತ್ತುವ ಶಾಸ್ತ್ರ ಅದು. ಖಣ ತಂದೆ ಕೂಡ. ಅದಕ್ಕೆ ಮುಂಚೆ ಡಾಕ್ಟರ ಬಳಿ ಹೋಗಿ, ಸರದಿ ಬರುವ ತನಕ ನೆಲದ ಮೇಲೆ ಕೂತೆ.

"ಅತ್ತೆ ಬಂದಿಲ್ಲವೇ?" ಎಂದರು ಡಾಕ್ಟರು.

"ಇಲ್ಲ. ಅದಕ್ಕೇ ಬಂದೀನಿ" ಎಂದೆ.

ಅವರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದರು. ಆ ಚಿಲಕದ ಸದ್ದು ಕೇಳಿ ನನ್ನ ಮಾತು ಕಟ್ಟೆಯೊಡೆಯಿತು. ಆಪರೇಷನ್ನು, ಆಣೆ, ಸ್ನಾನ, ಬಟ್ಟೆ, ಗಿರಣಿಯವನು, ಎಲ್ಲ ಹೇಳಿದೆ. ಆಣೆ ಮುರಿದ ಪಾಪ ಬಂದರೆ ಬರಲಿ ಎನ್ನಿಸಿತು. ಡಾಕ್ಟರು ನಗಲಿಲ್ಲ. ಮಂಚದ ಮೇಲೆ ಮಲಗಿಸಿ ಈ ಸಲ ಸರಿಯಾಗಿ, ಒಳಗೆ ಪರೀಕ್ಷೆ ಮಾಡಿದರು. ಮೈಯಲ್ಲಿ ಬಿಸಿ ಏರುತ್ತದೆಯೇ, ಬೆವರುತ್ತದೆಯೇ, ಸುಮ್ಮಸುಮ್ಮನೆ ಅಳು ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಕೇಳಿದ್ದಕ್ಕೆಲ್ಲ ಹೌದು ಎಂದೆ. ನನ್ನ ಹುಚ್ಚೆಲ್ಲ ಇವರಿಗೆ ಹೇಗೆ ಗೊತ್ತು ಎಂದು ಬೆರಗಾಯಿತು.

"ಮಗು ಇಲ್ಲಮ್ಮ. ನಿಮಗೆ ಮುಟ್ಟು ನಿಲ್ಲುತ್ತಾ ಇದೆ."

"ಕಾಗದದಾಗೆ ಐತೆ ಅಂತ..."

"ಈ ವಯಸ್ಸಲ್ಲಿ ಆ ಪರೀಕ್ಷೆ ಕೆಲವು ಸಲ ಮೋಸ ಮಾಡುತ್ತೆ. ನೀವು ಅವತ್ತೇ ಹೇಳಬೇಕಿತ್ತು." ಆಮೇಲೆ, "ನಾನೂ ಅತ್ತೆಯನ್ನು ಹೊರಗೆ ಕಳಿಸಿ ಕೇಳಬೇಕಿತ್ತು" ಎಂದರು.

ದೊಡ್ಡವರು ತಮ್ಮ ತಪ್ಪನ್ನು ನನ್ನೆದುರು ಒಪ್ಪಿಕೊಂಡದ್ದು ಅದೇ ಮೊದಲು. ನನಗೆ ಜೋರಾಗಿ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಇಳಿಯಿತು. ಯಾಕೆಂದು ಹೇಳಲು ಈಗಲೂ ನಾಚಿಕೆ. ಆ ಹನ್ನೊಂದು ದಿನದಲ್ಲಿ, ಇಷ್ಟೆಲ್ಲ ಹೆದರಿಕೆಯ ನಡುವೆ, ಮನಸ್ಸಿನ ಯಾವುದೋ ಮೂಲೆಯಲ್ಲಿ ನಾನು ಆ ಕೂಸಿಗೆ ಜಾಗ ಮಾಡಿಬಿಟ್ಟಿದ್ದೆ.

"ಬರೆದುಕೊಡ್ರಿ ಡಾಕ್ಟ್ರೇ, ಕನ್ನಡದಾಗೆ" ಎಂದೆ. ಬಸಿರಿಲ್ಲ, ಮುಟ್ಟು ನಿಲ್ಲುವ ಲಕ್ಷಣ ಎಂದು ಎರಡು ಸಾಲು ಬರೆದು ಸಹಿ ಹಾಕಿದರು. ರವಿಕೆಯೊಳಗೆ ಇಟ್ಟುಕೊಂಡೆ.

ಬಸ್ಸಿನಲ್ಲಿ ಕೂತ ಮೇಲೆ ಒಂದು ಹಟ ಬಂತು. ಚೀಟಿ ತೋರಿಸಿದರೆ ಮೇಷ್ಟ್ರು ನಂಬುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಕಾಗದವನ್ನು ಅವರು ಯಾವಾಗಲೂ ನಂಬುವವರೇ. ಚೀಟಿ ಇಲ್ಲದೆ ನನ್ನನ್ನು ನಂಬುತ್ತಾರೋ ಇಲ್ಲವೋ, ಅದು ನನಗೆ ಬೇಕಿತ್ತು. ಒಂದೇ ಒಂದು ಸಲ ಅವರ ಬಾಯಿಂದ ಕೇಳಿದ ಮೇಲೆ ಚೀಟಿ ಕೊಡುವುದೆಂದು ತೀರ್ಮಾನ ಮಾಡಿದೆ.

ಮನೆ ಮುಟ್ಟಿದಾಗ ಮೂರು ಗಂಟೆ. ಶನಿವಾರವಾದ್ದರಿಂದ ಮೇಷ್ಟ್ರು ಮನೆಯಲ್ಲಿದ್ದರು. ಅತ್ತೆ ಖಣ ಬಿಡಿಸಿ ತೊಡೆಯ ಮೇಲೆ ಹರವಿಕೊಂಡು, "ಬಣ್ಣ ಚೆನ್ನಾಗೈತೆ. ಈ ಸೋಮವಾರ ಬಿಟ್ಟು ಬರೋ ಸೋಮವಾರ ಇಟ್ಕಳಾನ. ಏನಂತೀಯಪ್ಪ?" ಎಂದರು.

ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ಇನ್‌ಸ್ಪೆಕ್ಟರು ಬಂದಾಗ ನಿಲ್ಲುವ ಹಾಗೆ, ಕೈ ಎರಡೂ ಪಕ್ಕಕ್ಕೆ.

"ಅವ್ವಾ, ಆರು ವರ್ಷದ ಹಿಂದೆ ನಾನು ಆಪರೇಷನ್ ಮಾಡಿಸ್ಕಂಡೀನಿ. ನಿನಗೆ ಹೇಳಿರಲಿಲ್ಲ."

"ಯಾವ ಆಪರೇಷನ್ನು?"

"ಮಕ್ಕಳಾಗದಂಗೆ."

ಅತ್ತೆಯ ಕೈ ಖಣದ ಮೇಲೆ ನಿಂತಿತು. ತಾವೇ ಬಾಯಿಬಿಟ್ಟರಲ್ಲ, ಈಗ ಹೇಳುತ್ತಾರೆ, ಗೌರಿ ಅಂಥವಳಲ್ಲ ಎನ್ನುತ್ತಾರೆ ಎಂದು ಕಾದೆ.

"ಆದ್ರೂ ನಾನು ಗೌರೀನ ಬಿಡಲ್ಲ" ಎಂದರು ಮೇಷ್ಟ್ರು. "ಹುಟ್ಟಿದ ಮ್ಯಾಲೆ ಅದು ನಮ್ಮನಿ ಕೂಸೇ. ಯಾರ್ದು ಏನು ಅಂತ ಯಾರೂ ಅವಳನ್ನ ಕೇಳಬ್ಯಾಡ್ರಿ. ನಾನೂ ಕೇಳಲ್ಲ."

ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಅವರ ಮೇಲೆ ಎಸೆಯಬೇಕು ಅನ್ನಿಸಿತು. ಯಾವುದನ್ನೂ ಮಾಡದೆ ಕಂಬ ಹಿಡಿದು ನಿಂತೆ.

ಅತ್ತೆ ಮಾತ್ರ ನನ್ನ ಕಡೆ ತಿರುಗಲೂ ಇಲ್ಲ. ಮಗನನ್ನೇ ನೋಡುತ್ತಿದ್ದರು. "ಏನಂತ ಮಾತಾಡ್ತೀಯೋ? ನೀನು ಆಪರೇಷನ್ ಮಾಡಿಸ್ಕಂಡಿದ್ರೆ ಇಕಿ ಹೊಟ್ಟ್ಯಾಗೆ ಕೂಸೆಲ್ಲಿಂದ ಬರ್ತೈತೆ? ಕೂಸಿಲ್ಲ. ಅಷ್ಟೇ."

"ಅವ್ವಾ, ಲ್ಯಾಬಿನವರು ಬರೆದುಕೊಟ್ಟಾರೆ. ಕಾಗದ ಐತೆ."

"ಆ ಕಾಗದ ನಿನ್ನ ಜೊತಿ ಎಷ್ಟು ವರ್ಷ ಬಾಳೈತೋ?" ಎಂದರು ಅತ್ತೆ. "ಇಕಿ ಇಪ್ಪತ್ತು ವರ್ಷ ಬಾಳ್ಯಾಳೆ."

ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಅತ್ತೆ ಖಣವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಚಿ, ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅಡಿಗೆಮನೆಯಿಂದ ಅವರು ಅಳುವುದು ಕೇಳಿಸಿತು. ಇಷ್ಟು ವರ್ಷ ಕಾದ ಮೊಮ್ಮಗ ಬರುವುದಿಲ್ಲವೆಂದು ಅವರಿಗೆ ಕೂಸಿಲ್ಲ ಎಂಬ ಆ ಒಂದು ಮಾತು ಆಡುವಾಗಲೇ ಗೊತ್ತಿತ್ತು. ಆದರೂ ಆಡಿದರು.

ಚೀಟಿ ತೆಗೆದು ಮೇಷ್ಟ್ರ ಕೈಗೆ ಕೊಟ್ಟೆ. ಎರಡು ಸಾಲಿನ ಚೀಟಿಯನ್ನು ಅವರು ಬಹಳ ಹೊತ್ತು ಓದಿದರು. "ಗೌರಿ" ಎಂದರು. ನಾನು ಒಳಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ. ಅವರು ಮೂಗು ಒರೆಸಿಕೊಂಡು, "ಬೆಳಿಗ್ಗಿಂದ ಏನಾದ್ರೂ ತಿಂದೀಯಾ?" ಎಂದು ಕೇಳಿ, ನನಗೆ ಅಂತ ಮುಚ್ಚಿಟ್ಟಿದ್ದ ರೊಟ್ಟಿ ತಟ್ಟೆಗೆ ಹಾಕಿದರು.

ಆಮೇಲೆ ಎರಡು ವರ್ಷ ಮುಟ್ಟು ಒಮ್ಮೆ ಬರುವುದು, ನಾಲ್ಕು ತಿಂಗಳು ನಿಲ್ಲುವುದು, ಮತ್ತೆ ಜೋರಾಗಿ ಹೋಗುವುದು, ಹೀಗೆಲ್ಲ ಆಗಿ ಪೂರ್ತಿ ನಿಂತಿತು. ಬಿಸಿ ಏರಿದಾಗ ಅತ್ತೆ ಮೊರದಿಂದ ಗಾಳಿ ಬೀಸಿ, "ನನಗೂ ಹಿಂಗೇ ಆಗಿತ್ತು ಕಣೆ, ಪಿತ್ತ ಅನ್ಕಂಡಿದ್ದೆ" ಎನ್ನುತ್ತಿದ್ದರು. ಅದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೀನು ಕೇಳಿದ್ಯಾ?" ಎಂದು ನನ್ನ ಮೇಲೇ ತಿರುಗಿಬಿದ್ದರು. ಮೊನ್ನೆ ಮದುವೆಯಲ್ಲಿ ತಂಗಿಯ ಮಗಳಿಗೆ ನಾನು ಹೇಳಿದ್ದು ಇಷ್ಟೇ. ಡಾಕ್ಟರ ಹತ್ತಿರ ಒಬ್ಬಳೇ ಹೋಗು, ಎಲ್ಲವನ್ನೂ ಹೇಳು, ನಾಚಿಕೆ ಮಾಡಿಕೊಳ್ಳಬೇಡ. ಮೈ ಬಿಸಿಯಾಗುವುದು, ಸೌಟು ಎಸೆಯುವುದು, ಇವು ಯಾವುವೂ ಹುಚ್ಚಲ್ಲ.

ಮೇಷ್ಟ್ರು ನನ್ನನ್ನು ಬಹಳ ಚೆನ್ನಾಗಿ ನೋಡಿಕೊಂಡರು, ಸುಳ್ಳು ಹೇಳಬಾರದು. ಆ ದಿನದ ಮಾತನ್ನು ನಾಲ್ಕೈದು ವರ್ಷ ಇಬ್ಬರೂ ಎತ್ತಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪೇಪರು ಓದುತ್ತಾ ಕೂತವರು, ಪೇಪರು ಕೆಳಗಿಟ್ಟು ಅವರೇ ಶುರುಮಾಡಿದರು.

"ಅವತ್ತು ನಾನು ದೊಡ್ಡ ಮಾತು ಆಡ್ದೆ ಅಂತ ಅನ್ಕಂಡಿದ್ದೆ ಕಣೇ."

"ದೊಡ್ಡ ಮಾತೇ ರೀ" ಎಂದೆ. "ಬ್ಯಾರೆ ಯಾವ ಗಂಡಸೂ ಆಡ್ತಿರಲಿಲ್ಲ. ಕುತ್ತಿಗಿ ಹಿಡಿದು ಹೊರಗೆ ಹಾಕ್ತಿದ್ರು."

"ಮತ್ತೆ ಯಾಕೆ ನೀನು ಇನ್ನೂ..."

"ನಾನು ಮಾಡದೇ ಇರೋ ತಪ್ಪನ್ನ ಕ್ಷಮಿಸಿಬಿಟ್ರಿ ನೀವು."

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಈಗ ಏನು ಮಾಡಾಕೆ ಆಗ್ತೈತೆ ಹೇಳು" ಎಂದರು. ಅದು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.